ಮಗಳಿಗೊಂದು ಪತ್ರ: ದಾಳದ ಎದುರು ಕಟ್ಟುವವನ ಲೆಕ್ಕ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಹಡಗಿನ ನೆಟ್‌ವರ್ಕ್ ಮಾತಿನ ಮಧ್ಯೆ ಕೈಕೊಡುತ್ತದೆ, ಇದು ಅರ್ಧಕ್ಕೆ ನಿಲ್ಲಿಸುವ ಲೆಕ್ಕವೂ ಅಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಬಿಡುವಾದಾಗ ಪೆನ್ನು ಹಿಡಿದುಕೊಂಡು ಓದು.

ಹಡಗಿನ ಕ್ಯಾಸಿನೋದಲ್ಲಿ ನೀನು ಡೀಲರ್ ಆಗಿ ನೋಡಿಕೊಳ್ಳುವುದು ಕ್ರಾಪ್ಸ್ ಮೇಜು, ಎರಡು ದಾಳ ಎಸೆದು ಆಡುವ ಜೂಜು. ಸುತ್ತ ನಿಂತವರೆಲ್ಲ ‘ಪಾಸ್ ಲೈನ್’ ಮೇಲೆ, ಅಂದರೆ ದಾಳ ಎಸೆಯುವವನ ಪರವಾಗಿ ಕಟ್ಟಿದರೆ ಒಬ್ಬ ಮಾತ್ರ ಅದರ ಎದುರಿನ ‘ಡೋಂಟ್ ಪಾಸ್’ ಪಟ್ಟಿಯಲ್ಲಿ ಚಿಪ್ಸ್ ಇಟ್ಟು ಮಾತಾಡದೆ ನಿಲ್ಲುತ್ತಾನೆ. ಏಳು ಬಿದ್ದು ಉಳಿದವರು ತಲೆ ಮೇಲೆ ಕೈ ಹೊತ್ತಾಗ ನೀನು ಅವನಿಗೆ ದುಡ್ಡು ಎಣಿಸಿ ಕೊಡಬೇಕು. ಆಗ ಎಲ್ಲರೂ ಅವನನ್ನು ಗುರಾಯಿಸುತ್ತಾರೆ, ನಂಗೂ ಒಂಥರಾ ಆಗ್ತದೆ ಅಮ್ಮ, ಅವನು ಬೇರೆಯವರ ದುಡ್ಡು ಹೊಡೀತಾ ಇದ್ದಾನಾ, ಅವನಿಗೆ ಏನಾದರೂ ಗುಟ್ಟು ಗೊತ್ತಾ, ಅಂತ ಕೇಳಿದೆ.

ಎರಡೂ ಇಲ್ಲ. ಅವನಿಗೆ ಸಿಗುವ ದುಡ್ಡು ಕ್ಯಾಸಿನೋದ್ದು, ಪಕ್ಕದವನದ್ದಲ್ಲ. ಅವನು ಪಕ್ಕದಲ್ಲಿ ಇಲ್ಲದಿದ್ದರೂ ಉಳಿದವರು ಅಷ್ಟೇ ಕಳೆದುಕೊಳ್ಳುತ್ತಿದ್ದರು. ಗುಟ್ಟು ಅಂತ ಇರುವುದು ಒಂದೇ, ಅದು ಅವನ ಹತ್ತಿರ ಇಲ್ಲ, ಮೇಜಿನ ಬಟ್ಟೆಯ ಮೇಲೇ ಅಚ್ಚಾಗಿದೆ. ಅದಕ್ಕೆ ಬರುತ್ತೇನೆ.

ಮೊದಲು ಚೌಕುಳಿ ಹಾಳೆಯಲ್ಲಿ ಅಡ್ಡಕ್ಕೆ ಆರು, ಉದ್ದಕ್ಕೆ ಆರು ಮನೆ ಹಾಕು. ಒಟ್ಟು 36. ಪ್ರತಿ ಮನೆಯಲ್ಲೂ ಎರಡು ದಾಳಗಳ ಮೊತ್ತ ಬರೆ. ಶಾಲೆಯಲ್ಲಿ ಸಂಭವನೀಯತೆಯ ಪಾಠಕ್ಕೆ ನಾನು ಮಕ್ಕಳಿಂದ ಇದನ್ನೇ ಮಾಡಿಸುತ್ತಿದ್ದೆ. ಏಳು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ಆರು ಮನೆಗಳಲ್ಲಿ ಕೂತಿರುತ್ತದೆ. ಆರಕ್ಕೆ ಐದು ಮನೆ, ಎಂಟಕ್ಕೂ ಐದು. ಐದಕ್ಕೆ ನಾಲ್ಕು, ಒಂಬತ್ತಕ್ಕೂ ಅಷ್ಟೇ. ನಾಲ್ಕಕ್ಕೆ ಮೂರು, ಹತ್ತಕ್ಕೆ ಮೂರು. ಮೂರು ಮತ್ತು ಹನ್ನೊಂದಕ್ಕೆ ಎರಡೆರಡು. ಎರಡಕ್ಕೂ ಹನ್ನೆರಡಕ್ಕೂ ತಲಾ ಒಂದೇ ಮನೆ. ಇಡೀ ಕ್ರಾಪ್ಸ್ ಈ ಒಂದು ಹಾಳೆಯೊಳಗೆ ಇದೆ.

ಪಾಸ್ ಲೈನ್ ನಿಯಮ ನಿನಗೆ ಗೊತ್ತೇ ಇದೆ. ಮೊದಲ ಎಸೆತದಲ್ಲಿ 7 ಅಥವಾ 11 ಬಿದ್ದರೆ ಗೆಲುವು. 2, 3, 12 ಬಿದ್ದರೆ ಸೋಲು. ಬೇರೆ ಏನೇ ಬಿದ್ದರೂ ಅದು ‘ಪಾಯಿಂಟ್’. ಆಮೇಲೆ ಏಳು ಬರುವ ಮೊದಲು ಅದೇ ಪಾಯಿಂಟ್ ಮತ್ತೆ ಬಂದರೆ ಗೆಲುವು, ಏಳು ಮೊದಲು ಬಂದರೆ ಸೋಲು. ಡೋಂಟ್ ಪಾಸ್ ಇದರ ತಿರುವುಮುರುವು. 7, 11 ಸೋಲು. 2, 3 ಗೆಲುವು. ಪಾಯಿಂಟ್ ಆದ ಮೇಲೆ ಏಳೇ ಅವನ ಗರ. 12 ಬಿದ್ದರೆ ಮಾತ್ರ ಗೆಲುವೂ ಇಲ್ಲ, ಸೋಲೂ ಇಲ್ಲ. ಅವನ ದುಡ್ಡು ಇದ್ದಲ್ಲೇ ಇರುತ್ತದೆ. ಗುಟ್ಟು ಅಂದೆನಲ್ಲ, ಅದು ಈ ಹನ್ನೆರಡೇ.

ಯಾಕೆ ಅಂತ ನೋಡು. ಸರಾಸರಿಯ ಪ್ರಕಾರವೇ ಎಲ್ಲ ನಡೆಯುವ 1980 ಆಟಗಳನ್ನು ತಗೋ. ಆ ಸಂಖ್ಯೆ ಸುಮ್ನೆ ಆರಿಸಿದ್ದಲ್ಲ, ಅದರಲ್ಲಿ ಯಾವ ಭಾಗಾಕಾರವೂ ಶೇಷ ಉಳಿಸುವುದಿಲ್ಲ. ಮೊದಲ ಎಸೆತಕ್ಕೇ 440 ಸಲ 7 ಅಥವಾ 11 ಬೀಳುತ್ತದೆ, 220 ಸಲ 2, 3 ಅಥವಾ 12. ಉಳಿದ 1320 ಸಲ ಪಾಯಿಂಟ್. ನಾಲ್ಕು ಅಥವಾ ಹತ್ತು ಪಾಯಿಂಟ್ ಆಗುವುದು 330 ಸಲ, ಅದರಲ್ಲಿ ಮೂರರಲ್ಲೊಂದು ಪಾಲು, ಅಂದರೆ 110 ಸಲ ಎಸೆಯುವವನಿಗೆ ಗೆಲುವು. ಐದು ಅಥವಾ ಒಂಬತ್ತು 440 ಸಲ, ಐದರಲ್ಲಿ ಎರಡು ಪಾಲು, 176. ಆರು ಅಥವಾ ಎಂಟು 550 ಸಲ, ಹನ್ನೊಂದರಲ್ಲಿ ಐದು ಪಾಲು, 250. ಎಲ್ಲ ಕೂಡಿಸು. ಪಾಸ್ ಲೈನ್ ಗೆಲ್ಲುವುದು 976 ಸಲ, ಸೋಲುವುದು 1004 ಸಲ. ವ್ಯತ್ಯಾಸ 28.

ಈಗ ಎದುರು ಪಟ್ಟಿಗೆ ಬಾ. ಎಲ್ಲವೂ ನಿಜವಾಗಿ ತಿರುವುಮುರುವಾಗಿದ್ದರೆ ಡೋಂಟ್ ಪಾಸ್ 1004 ಸಲ ಗೆದ್ದು 976 ಸಲ ಸೋಲಬೇಕಿತ್ತು. ಆಗ 28 ಸಲದ ಲಾಭ ಆಟಗಾರನದ್ದೇ. ಹಾಗೆ ಬಿಟ್ಟರೆ ಯಾವ ಕ್ಯಾಸಿನೋ ಉಳಿದೀತು? ಅದಕ್ಕೇ ಹನ್ನೆರಡನ್ನು ಕಿತ್ತುಕೊಂಡರು. 1980 ಆಟಗಳಲ್ಲಿ ಹನ್ನೆರಡು ಮೊದಲ ಎಸೆತಕ್ಕೆ ಬೀಳುವುದು 55 ಸಲ. ಆ 55 ಗೆಲುವು ಹೋದರೆ 949 ಉಳಿಯಿತು. ಸೋಲು ಮಾತ್ರ 976 ಇದ್ದಂತೆಯೇ ಇದೆ. ವ್ಯತ್ಯಾಸ 27, ಈಗ ಕ್ಯಾಸಿನೋದ ಕಡೆಗೆ.

ನನಗೆ ಇದನ್ನು ಬರೆಯುವಾಗಲೇ ಖುಷಿಯಾಗುತ್ತದೆ, ನೋಡು. 36 ಮನೆಗಳಲ್ಲಿ ಒಂದೇ ಒಂದು ಮನೆ ಅಳಿಸಿ ಇಡೀ ಆಟದ ಮುಖ ತಿರುಗಿಸಿಬಿಟ್ಟಿದ್ದಾರೆ. ಪ್ರತಿ ಸಲ 100 ರೂಪಾಯಿ ಕಟ್ಟಿದರೆ 1980 ಆಟಕ್ಕೆ ಪಾಸ್ ಲೈನಿನವನು 2,800 ಕಳೆದುಕೊಳ್ಳುತ್ತಾನೆ, ಎದುರು ಕಟ್ಟಿದವನು 2,700. ಶೇಕಡಾ 1.41 ಮತ್ತು 1.36. ಇಡೀ ಮೇಜಿನ ಗುರಾಯಿಸುವಿಕೆ ಸಹಿಸಿಕೊಂಡು ಅವನು ಉಳಿಸಿಕೊಳ್ಳುವುದು ಅಷ್ಟು ಆಟಕ್ಕೆ ನೂರು ರೂಪಾಯಿ!

ಆದರೆ ಅವನ ಆಟದ ನಡೆ ಬೇರೆ. ನೀನು ಡೀಲರ್ ಆಗಿ ಗಮನಿಸಬೇಕಾದ್ದು ಅದು. ಮೊದಲ ಎಸೆತದಲ್ಲಿ ಅವನಿಗೆ ಎಂಟು ಮನೆ ಹೊಡೆತ, ಬರೀ ಮೂರು ಮನೆ ಗೆಲುವು. ಆ ಒಂದು ಎಸೆತ ದಾಟಿದನೋ, ಮುಂದೆ ಅವನದ್ದೇ ಮೇಲುಗೈ. ಪಾಯಿಂಟ್ ನಾಲ್ಕು ಅಂತಿಟ್ಟುಕೋ. ನಾಲ್ಕಕ್ಕೆ ಮೂರು ಮನೆ, ಏಳಕ್ಕೆ ಆರು. ಮೂರರಲ್ಲಿ ಎರಡು ಸಲ ಅವನೇ ಗೆಲ್ಲುತ್ತಾನೆ. ಪಾಯಿಂಟ್ ಐದು ಅಥವಾ ಒಂಬತ್ತಾದರೆ ಐದರಲ್ಲಿ ಮೂರು ಸಲ. ಆರು ಅಥವಾ ಎಂಟಾದರೂ ಹನ್ನೊಂದರಲ್ಲಿ ಆರು ಸಲ.

ಪಾಸ್ ಲೈನಿನ ದುಡ್ಡನ್ನು ಪಾಯಿಂಟ್ ಆದ ಮೇಲೆ ವಾಪಸ್ ತೆಗೆಯಲು ಬಿಡಬೇಡ, ಡೋಂಟ್ ಪಾಸ್‌ನವನು ಬೇಕಾದರೆ ತೆಗೆದುಕೊಳ್ಳಲಿ ಅಂತ ನಿಮಗೆ ಟ್ರೈನಿಂಗಿನಲ್ಲಿ ಹೇಳಿದ್ದರಲ್ಲ, ಕಾರಣ ಕೇಳಿದರೆ ರೂಲ್ಸ್ ಅಂದರು ಅಂತ ಬೇಜಾರು ಮಾಡಿಕೊಂಡಿದ್ದೆ. ಕಾರಣ ಇದೇ. ಪಾಯಿಂಟ್ ಆದ ಮೇಲೆ ಪಾಸ್ ಲೈನಿನ ದುಡ್ಡು ಕ್ಯಾಸಿನೋಗೆ ಲಾಭದ್ದು, ಅದು ಅಲ್ಲೇ ಇರಬೇಕು. ಎದುರು ಕಟ್ಟಿದ ದುಡ್ಡು ಆಗ ಕ್ಯಾಸಿನೋಗೆ ನಷ್ಟದ್ದು, ತೆಗೆದುಕೊಂಡು ಹೋದರೆ ಅವರಿಗೆ ಸಂತೋಷವೇ. ಗೆಲ್ಲುವ ಹೊತ್ತಿಗೆ ಹೆದರಿ ದುಡ್ಡು ಎತ್ತಿಕೊಳ್ಳುವವನು ತನ್ನ ಕೈಯಾರೆ ತನಗೆ ಅನ್ಯಾಯ ಮಾಡಿಕೊಳ್ಳುತ್ತಾನೆ. ‘ಡೋಂಟ್ ಕಮ್’ ಕೂಡ ಇದೇ ಲೆಕ್ಕ. ಪಾಯಿಂಟ್ ಆದ ಮೇಲೆ ಕಟ್ಟುವುದು, ಮುಂದಿನ ಎಸೆತ ಅದಕ್ಕೆ ಮೊದಲ ಎಸೆತ. ಅಷ್ಟೇ ವ್ಯತ್ಯಾಸ.

ಇನ್ನು ‘ಲೇ ಆಡ್ಸ್’. ಪಾಯಿಂಟ್ ಆದ ಮೇಲೆ ಅವನು ಹೆಚ್ಚುವರಿ ಕಟ್ಟುತ್ತಾನಲ್ಲ, ಅಲ್ಲಿ ನಿನ್ನ ಕೈ ತಪ್ಪಬಾರದು. ಗೆಲ್ಲುವ ಸಾಧ್ಯತೆ ಅವನ ಕಡೆ ಜಾಸ್ತಿ ಇರುವುದರಿಂದ ಅವನು ಜಾಸ್ತಿ ಕಟ್ಟಿ ಕಡಿಮೆ ಪಡೆಯಬೇಕು. 100 ಗೆಲ್ಲಲು, ಪಾಯಿಂಟ್ ನಾಲ್ಕು ಅಥವಾ ಹತ್ತಾದರೆ 200 ಕಟ್ಟಬೇಕು. ಐದು, ಒಂಬತ್ತಕ್ಕೆ 150. ಆರು, ಎಂಟಕ್ಕೆ 120. ಈ ಭಾಗದಲ್ಲಿ ಮಾತ್ರ ಕ್ಯಾಸಿನೋಗೆ ಒಂದು ಪೈಸೆ ಪಾಲೂ ಇಲ್ಲ, ಪೂರ್ತಿ ಸರಿಸಮ. ಅದು ಕೇಳಿ ಜನ ಮರುಳಾಗುತ್ತಾರೆ. ಮೊದಲು ಕಟ್ಟಿದ ದುಡ್ಡಿನ ಮೇಲಿನ ನಷ್ಟ ಅದರಿಂದ ಅಳಿಯುವುದಿಲ್ಲ. ಅದರ ಮೇಲೆ ಇನ್ನಷ್ಟು ದುಡ್ಡು ಮೇಜಿನ ಮೇಲೆ ಬರುತ್ತದೆ, ಒಂದು ಕೆಟ್ಟ ರಾತ್ರಿಗೆ ಜೇಬು ಬೇಗ ಖಾಲಿಯಾಗುತ್ತದೆ.

ಹಿಂದೆ ಎಸೆಯುವವನ ಎದುರು ಇನ್ನೊಬ್ಬ ಆಟಗಾರನೇ ಕಟ್ಟಬೇಕಿತ್ತು. 1907ರಲ್ಲಿ ಅಮೆರಿಕದ ಜಾನ್ ವಿನ್ ಎಂಬ ದಾಳ ತಯಾರಕ ಎರಡೂ ಕಡೆ ಕಟ್ಟುವ ಪಟ್ಟಿಗಳಿರುವ ಮೇಜು ತಂದ. ಅಲ್ಲಿಂದ ಜಗಳ ಮನುಷ್ಯರ ನಡುವಿನಿಂದ ಹೋಯಿತು. ಗುರಾಯಿಸುವುದು ಮಾತ್ರ ಉಳಿದುಕೊಂಡಿತು. ನಮ್ಮ ತಾಳಮದ್ದಳೆಯಲ್ಲಿ ಶಕುನಿಯ ಅರ್ಥ ಹೇಳಿದವರು ಪ್ರಸಂಗ ಮುಗಿದ ಮೇಲೆ ಧರ್ಮರಾಯನ ಪಕ್ಕದಲ್ಲೇ ಕೂತು ಚಾ ಕುಡಿಯುತ್ತಾರೆ, ಅಲ್ವಾ? ನಿನ್ನ ಮೇಜಿನ ಆ ಮನುಷ್ಯನೂ ಹಾಗೇ. ಅವನು ಒಂದು ಪಕ್ಷ ಹಿಡಿದಿದ್ದಾನೆ, ಯಾರಿಗೂ ಕೇಡು ಬಯಸಿಲ್ಲ. ಬೇರೆಯವರಿಗೆ ಕೊಡುವ ಮರ್ಯಾದೆಯನ್ನೇ ಅವನಿಗೂ ಕೊಡು. ದುಡ್ಡು ಎಣಿಸಿ ಕೊಡುವಾಗ ಮುಖ ತಗ್ಗಿಸಬೇಡ.

ಅವನ ಕಾಲ್ಗುಣದಿಂದ ಏಳು ಬಿತ್ತು ಅನ್ನುವವರು ಇರುತ್ತಾರೆ. ದಾಳಕ್ಕೆ ಕಿವಿ ಇಲ್ಲ, ನೆನಪೂ ಇಲ್ಲ. 2009ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾ ಕ್ಯಾಸಿನೋದಲ್ಲಿ ಪೆಟ್ರೀಶಿಯಾ ಡಿಮಾರೋ ಎಂಬವರು ಪಾಯಿಂಟ್ ಆದ ಮೇಲೆ ಏಳು ಬಿದ್ದು ದಾಳ ಬಿಟ್ಟುಕೊಡಬೇಕಾಗಿ ಬರದೆ 154 ಸಲ ಎಸೆದರು, ನಾಲ್ಕು ಗಂಟೆ 18 ನಿಮಿಷ. ಅಲ್ಲಿ ಯಾವುದೇ ಎಸೆತದಲ್ಲಿ ಏಳಕ್ಕೆ ಇದ್ದ ಮನೆಗಳು ಆರೇ, ಒಂದು ಕಮ್ಮಿಯೂ ಇಲ್ಲ. ಅಂಥ ರಾತ್ರಿ ಎದುರು ಕಟ್ಟುತ್ತಾ ಹೋದವನಿಗೆ ಯಾವ ಲೆಕ್ಕವೂ ಆಸರೆಯಾಗುವುದಿಲ್ಲ.

ಇಲ್ಲಿ ಮದುವೆ-ಮುಂಜಿಯಂಥ ಜೆಂಬರದ ಮನೆಗಳಲ್ಲಿ ಕೆಲವರು ‘ಮಗಳು ಜುಗಾರಿ ಕೆಲಸಕ್ಕೆ ಹೋದಳಂತೆ’ ಅನ್ನುತ್ತಾರೆ. ಕೋಳಿಅಂಕದ ಮೂಲೆಯಲ್ಲಿ ಉಲಾಯಿ-ಪಿದಾಯಿ ಇಸ್ಪೀಟು ಆಡಿ ತೋಟದ ದುಡ್ಡು ಕಳೆದವರನ್ನು ಈ ಊರು ಕಂಡಿದೆ, ಅವರ ಭಯ ನನಗೆ ಅರ್ಥವಾಗುತ್ತದೆ. ನಾವಿರುವ ಕೇರಳದಲ್ಲಿ 1960ರಿಂದ ಜೂಜಿಗೆ ಪ್ರತ್ಯೇಕ ಕಾಯ್ದೆಯೂ ಇದೆ. ಆದರೆ ನೀನು ಆಡಲು ಹೋದವಳಲ್ಲ. ಹಡಗು ದಡ ಬಿಟ್ಟು ದೂರ ಹೋದ ಮೇಲೆ ತೆರೆಯುವ ಮೇಜಿನಲ್ಲಿ ಸರಿಯಾಗಿ ಎಣಿಸಿ, ಸರಿಯಾಗಿ ಕೊಟ್ಟು ಸಂಬಳ ತರುವವಳು. ನನಗೆ ನಿನ್ನ ಬಗ್ಗೆ ಹೆಮ್ಮೆ ಇದೆ, ಕೇಳಿದವರಿಗೆಲ್ಲ ಹಾಗೇ ಹೇಳುತ್ತೇನೆ. ಅಪ್ಪನೂ ಹಾಗೇ. ಅವರಿಗೆ ಈಗ ಅಡಿಕೆಗೆ ಮದ್ದು ಬಿಡಲು ಮರ ಹತ್ತುವವರು ಸಿಗದೆ ತಲೆಬಿಸಿ. ಮಳೆ ಹಿಡಿದ ಪಟ್ಟು ಬಿಟ್ಟಿಲ್ಲ, ಕೊಳೆರೋಗ ಶುರುವಾಗುವ ಮೊದಲು ಎರಡನೇ ಸಲದ ಮದ್ದು ಮುಗಿಸಬೇಕು.

ಒಂದು ಕೆಲಸ ಮಾಡು. ನಿನ್ನ ಮೇಜಿನ ಬಟ್ಟೆಯಲ್ಲಿ ಡೋಂಟ್ ಪಾಸ್ ಪಟ್ಟಿಯ ಪಕ್ಕ ಯಾವ ಎರಡು ದಾಳಗಳ ಚಿತ್ರ ಇದೆ ನೋಡು. ಆರು-ಆರು ಇದ್ದರೆ ಮೇಲಿನ ಲೆಕ್ಕವೇ. ಕೆಲವು ಕಡೆ ಒಂದು-ಒಂದು ಇರುತ್ತದೆ, ಹನ್ನೆರಡರ ಬದಲು ಎರಡನ್ನು ಕಿತ್ತುಕೊಂಡಿರುತ್ತಾರೆ. ಅದಕ್ಕೂ ಒಂದೇ ಮನೆ, ಹಾಗಾಗಿ ಲೆಕ್ಕ ಬದಲಾಗುವುದಿಲ್ಲ. ಒಂದು-ಎರಡು ಇದ್ದರೆ ಮಾತ್ರ ಬೇರೆ. ಮೂರಕ್ಕೆ ಎರಡು ಮನೆ, ಹಾಗಾಗಿ ಎದುರು ಕಟ್ಟುವವನ ನಷ್ಟ ಸುಮಾರು ಮೂರು ಪಟ್ಟಾಗುತ್ತದೆ. ಅದನ್ನು ನಾನು ಹೇಳಿಕೊಡುವುದಿಲ್ಲ. 1980ನ್ನೇ ಇಟ್ಟುಕೊಂಡು ನೀನೇ ಮಾಡಿ, ಹಾಳೆಯ ಫೋಟೋ ಕಳಿಸು.

ನಿನ್ನ
ಅಮ್ಮ