ಮಾಸ್ಕ್ ತೆಗೆಯುವ ಮುನ್ನ ಇವರನ್ನೂ ನೆನೆಯಿರಿ

ಮಾನ್ಯರೇ,

ಕೋವಿಡ್‌ಗಾಗಿ ವಿಪತ್ತು ನಿರ್ವಹಣಾ ಕಾಯ್ದೆಯಡಿ ಹಾಕಿದ್ದ ನಿರ್ಬಂಧಗಳು 2022ರ ಮಾರ್ಚ್ 31ಕ್ಕೆ ಮುಗಿದಿವೆ. ಒಳ್ಳೆಯದೇ, ದುಡಿದು ತಿನ್ನುವವರು ಎಷ್ಟು ದಿನ ಅಂತ ಮನೆಯಲ್ಲಿ ಕೂರುತ್ತಾರೆ? ಆದರೆ ಕಿಡ್ನಿ ಕಸಿ ಮಾಡಿಸಿಕೊಂಡವರು, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಅಂತ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ನುಂಗುತ್ತಿರುತ್ತಾರೆ, ಹಾಗಾಗಿ ಲಸಿಕೆ ಹಾಕಿಸಿಕೊಂಡರೂ ಅವರಿಗೆ ನಮ್ಮಷ್ಟು ರಕ್ಷಣೆ ಸಿಗುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರಿಗೆ ಮನೆಯಲ್ಲೇ ಇರಿ ಅನ್ನಲಾಗುತ್ತದೆಯೇ? ಅವರೂ ಅದೇ ಸಿಟಿ ಬಸ್ ಹತ್ತಬೇಕು. ‘ಭಯ ಇದ್ದವರು ಮಾಸ್ಕ್ ಹಾಕಿಕೊಳ್ಳಲಿ’ ಅನ್ನುವುದು ತಪ್ಪು. ಎದುರಿಗಿರುವ ನಾವೂ ಹಾಕಿಕೊಂಡರೆ ಅವರಿಗೆ ರಕ್ಷಣೆ ಜಾಸ್ತಿ, ಅಲ್ವಾ? ಆಸ್ಪತ್ರೆ, ಔಷಧ ಅಂಗಡಿ, ಬಸ್ಸುಗಳಲ್ಲಾದರೂ ಮಾಸ್ಕ್ ಉಳಿಯಲಿ. ಹಾಸಿಗೆ ಹಿಡಿದ ಹಿರಿಯರಿಗೆ ಮುನ್ನೆಚ್ಚರಿಕೆ ಡೋಸನ್ನು, ಅಂದರೆ ಕೋವಿಡ್ ಲಸಿಕೆಯ ಮೂರನೇ ಡೋಸನ್ನು, ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಕೊಡಲಿ.

– ಒಬ್ಬ ಓದುಗ, ಮೈಸೂರು