ಮಳೆ ಪುಸ್ತಕ

ಮಗಳೇ,

ನೀನು ತಿಂಡಿ ತಿನ್ನದೆ ಪೊನ್ನಂಪೇಟೆ ಬಸ್ಸು ಹತ್ತಿದೆ. ಕಡುಬು ಹಾಗೇ ಉಳಿಯಿತು. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನೀನು ಕ್ಲಾಸು ಮಾಡುವ, ತೋಟದ ಕೆಲಸದವರ ಲೈನ್‌ಮನೆ ಹುಡುಗಿಯರ ಎದುರು ನಾನು ಹಾಗೆ ಕೂಗಬಾರದಿತ್ತು. ಆ ಒಂಬತ್ತನೇ ಕ್ಲಾಸಿನವಳು ಮಣ್ಣಿಗೆ ನೆಟ್ಟ ಸೆನ್ಸರ್ ಲೆಕ್ಕ ಮೊಬೈಲಿನಲ್ಲಿ ನೋಡಿ, "ಸಾಹುಕಾರ್ರೇ, ಅರ್ಧ ಅಡಿ ಕೆಳಗೆ ಇನ್ನೂ ಪಸೆ ಇದೆ, ಇವತ್ತು ಸ್ಪ್ರಿಂಕ್ಲರ್ ಬೇಡ" ಅಂದಳು. ಮೂವತ್ತು ವರ್ಷ ರೊಬಸ್ಟಾ ಕಾಫಿ ಬೆಳೆದವನಿಗೆ ಇವಳು ಹೇಳೋದಾ ಅನ್ನಿಸಿತು. ಕಾಫಿ ಹೂ ಅರಳಿಸೋ ಹೂಮಳೆ ಆಗಿ ಇಪ್ಪತ್ತು ದಿನ. ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಬರದಿದ್ದರೆ ಕಾಯಿ ಕಟ್ಟೋದು ಕಷ್ಟ, ಆ ಹೆದರಿಕೆ ನನ್ನದು. ನೀನು ಹೋದ ಮೇಲೆ ಗಿಡದ ಬುಡ ಅಗೆದು ನೋಡಿದೆ. ಮಣ್ಣು ಅಮುಕಿದರೆ ಉಂಡೆ ಕಟ್ಟಿತು. ಪಂಪು ಹಾಕಲಿಲ್ಲ. ತೋಡಿನಲ್ಲಿ ನೀರು ಮೊಣಕಾಲಿಗೂ ಇಲ್ಲ, ಕೆಳಗಿನವರೂ ಅದನ್ನೇ ನಂಬಿದ್ದಾರೆ. ಸಂಜೆ ಅಂಗಡಿಯಲ್ಲಿ "ನನ್ನ ಮಗಳ ಶಿಷ್ಯೆ" ಅಂತ ಕೊಚ್ಚಿಕೊಂಡೆ. ಬೈದದ್ದು ಹೇಳಲಿಲ್ಲ.

ನಿನ್ನ ಅಣ್ಣನಿಗೆ ಮಳೆ ಅಳೆಯೋದು ಕಲಿಸಿದ ದಿನ ನೆನಪಿದೆಯಾ? ಮಳೆಮಾಪಕದ ಬಾಟಲಿ ನೀರನ್ನು ಗಾಜಿನ ಅಳತೆಗೆ ಹುಯ್ಯೋದು, ಕಣ್ಣ ಮಟ್ಟಕ್ಕೆ ಹಿಡಿಯೋದು, ಇಂಚು, ಸೆಂಟು ಬರೆಯೋದು; ಇಂಚಿಗೆ ನೂರು ಸೆಂಟು. ನೀನು ಪುಸ್ತಕ ನೆನೆಯದ ಹಾಗೆ ಛತ್ರಿ ಹಿಡಿದಿದ್ದೆ. ಛತ್ರಿಯ ಒಂದು ಕಡ್ಡಿ ಮುರಿದಿತ್ತು, ಅಲ್ವಾ? ನೀರು ನಿನ್ನ ಕುತ್ತಿಗೆಗೇ ಇಳಿಯುತ್ತಿತ್ತು. ನೋಡಿದ್ದೆ. ನೋಡಿಯೂ ಸುಮ್ನಿದ್ದೆ. ಒಂದು ಸಲ ಅಳತೆ ನಿನ್ನ ಕೈಗೆ ಕೊಟ್ಟಿದ್ದರೆ ಏನಾಗ್ತಿತ್ತು? ಮದುವೆಯಾಗಿ ಹೋಗೋಳು ಅಂದುಕೊಂಡೆನೋ ಏನೋ. ಅವನು ಈಗ ಬೆಂಗಳೂರಿನಿಂದ ಫೋನ್ ಮಾಡಿ, ಎಷ್ಟು ಇಂಚಾಯ್ತು ಅಪ್ಪ ಅಂತಾನೆ. ಆ ಛತ್ರಿ ಇನ್ನೂ ಅಟ್ಟದಲ್ಲಿದೆ.

ಒಂದು ಮಾತು. ಮೊಬೈಲನ್ನೇ ನೆಚ್ಚಿ ಕೂರಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಮ್ಮ ಕಡೆ ಕರೆಂಟೂ ಇರಲಿಲ್ಲ, ಟವರೂ ಇರಲಿಲ್ಲ. ಪುಸ್ತಕಕ್ಕೆ ಚಾರ್ಜು ಬೇಡ. ಹುಡುಗಿಯರು ಮಣ್ಣು ಮುಟ್ಟಿಯೂ ನೋಡಲಿ. ಸೆನ್ಸರ್ ಒಂದೇ ಕಡೆ ನೆಟ್ಟು ಇಡೀ ತೋಟದ ಲೆಕ್ಕ ಹೇಳಬೇಡಿ, ಇಳಿಜಾರಿನ ಮೇಲೆ ಒಂದು ಹದ, ಕೆಳಗೆ ಒಂದು ಹದ. ಮಳೆಮಾಪಕ ಮರದ ಕೆಳಗೆ ಬೇಡ. ಐದಕ್ಕೆ ಮೊದಲೇ ಕ್ಲಾಸು ಬಿಡು, ಕತ್ತಲಾದರೆ ಆನೆ ರಸ್ತೆಗೆ ಬರುತ್ತೆ. ಜೀಪು ಸಿಗದಿದ್ದರೆ ನನಗೆ ಫೋನ್ ಮಾಡು, ಸಿಟ್ಟಿದ್ದರೂ ಮಾಡು. ನೋಡು, ಮತ್ತೆ ಭಾಷಣ ಶುರುವಾಯಿತು.

ನಿನ್ನೆ ರಾತ್ರಿ ಮಳೆ ಬಂತು. ಬೆಳಿಗ್ಗೆ ಆ ಹುಡುಗಿಯನ್ನೇ ಕರೆದು ಅಳತೆ ಕೊಟ್ಟೆ. ನಾನು 40 ಸೆಂಟು ಅಂದೆ. ಅವಳು 38 ಅಂದಳು. 38 ಅಂತಲೇ ಬರೆದಿದ್ದೇನೆ.

ಅಪ್ಪ