ಯಾವ ಚರಂಡಿ ಉಕ್ಕಿತು?

ಮಾನ್ಯರೇ,

ಮಳೆಗಾಲ ಬಂತೆಂದರೆ ‘ಚರಂಡಿ ಉಕ್ಕಿ ಮನೆಗೆ ನೀರು’ ಎಂಬ ಸುದ್ದಿ ಬೆಂಗಳೂರಿನ ಪುಟಗಳಲ್ಲಿ ತಪ್ಪುವುದಿಲ್ಲ. ಉಕ್ಕಿದ್ದು ಯಾವ ಚರಂಡಿ ಎಂಬುದು ಮಾತ್ರ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಡ್ರೇನ್, ಸೀವರ್ ಎಂದು ಎರಡು ಪದಗಳಿದ್ದರೂ ಕನ್ನಡ ವರದಿಗೆ ಬರುವಾಗ ಎರಡೂ ‘ಚರಂಡಿ’ಯೇ ಆಗಿಬಿಡುತ್ತವೆ.

ನಮ್ಮ ಊರಿನ ಎಂಜಿನಿಯರುಗಳ ಬಳಕೆಯಲ್ಲಿ ಡ್ರೇನ್ ಎಂದರೆ ಮಳೆನೀರಿನ ದಾರಿ: ರಸ್ತೆಯಂಚಿನಲ್ಲಿ ಚಪ್ಪಡಿ ಮುಚ್ಚಿದ ಮೋರಿಯಿಂದ ಹಿಡಿದು ರಾಜಕಾಲುವೆಯವರೆಗೆ. ಅದರ ಹೊಣೆ ಪಾಲಿಕೆಯದು. ಸೀವರ್ ಎಂದರೆ ಕಕ್ಕಸು, ಬಚ್ಚಲು, ಅಡುಗೆಮನೆಯ ಕೊಳಚೆ ಹೋಗುವ ನೆಲದಡಿಯ ಕೊಳವೆ. ಜನ ಯುಜಿಡಿ, ಸ್ಯಾನಿಟರಿ ಲೈನ್ ಅನ್ನುವುದು ಇದನ್ನೇ. ಇದು ಶುದ್ಧೀಕರಣ ಘಟಕ ಸೇರಬೇಕು, ಹೊಣೆ ಜಲಮಂಡಳಿಯದು. ಒಳಗೆ ಹರಿಯುವ ಕೊಳಚೆ ಸೀವೇಜ್. ಕೊಳವೆ, ಮ್ಯಾನ್‌ಹೋಲ್, ಪಂಪು ಎಲ್ಲ ಸೇರಿದ ಏರ್ಪಾಟು ಸೀವರೇಜ್. ಜಲಮಂಡಳಿಯ ಇಂಗ್ಲಿಷ್ ಹೆಸರಿನಲ್ಲಿರುವುದು ಈ ಎರಡನೆಯದು. ‘ಸೀವೇಜ್ ಬೋರ್ಡ್’ ಎಂದು ಬರೆಯುವವರು ಅದನ್ನು ಕೊಳಚೆ ಮಂಡಳಿ ಮಾಡಿಬಿಡುತ್ತಾರೆ!

ಇಂಗ್ಲಿಷ್ ಆಡುವ ನಾಡುಗಳಲ್ಲೇ ಈ ಗೆರೆ ಒಂದೇ ತೆರನಾಗಿಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ಒಂದು ಕಟ್ಟಡದ ಕೊಳವೆ ಡ್ರೇನ್, ಹಲವು ಕಟ್ಟಡಗಳದ್ದು ಕೂಡಿದ ಮೇಲೆ ಸೀವರ್. ಅಮೆರಿಕದವರು ಮಳೆನೀರಿನ ಕೊಳವೆಗೂ ಸ್ಟಾರ್ಮ್ ಸೀವರ್ ಅನ್ನುತ್ತಾರೆ. ಲಂಡನ್, ನ್ಯೂಯಾರ್ಕ್‌ಗಳ ಹಳೆಯ ಭಾಗಗಳಲ್ಲಂತೂ ಮಳೆ, ಕೊಳಚೆ ಎರಡೂ ಒಂದೇ ಕೊಳವೆಯಲ್ಲಿ ಹೋಗುತ್ತವೆ. ಆದ್ದರಿಂದ ಬರೀ ನಿಘಂಟು ನಂಬಿ ಅನುವಾದಿಸಿದರೆ ಎಡವುತ್ತೇವೆ. ಬೆಂಗಳೂರಿನದು ಎರಡನ್ನೂ ಬೇರೆ ಇಡುವ ಪದ್ಧತಿ, ಕಾಗದದ ಮೇಲಾದರೂ.

ಬೇರೆ ಇಡುವುದೇಕೆಂದು ಲೆಕ್ಕವೇ ಹೇಳುತ್ತದೆ. ತಲೆಗೆ ದಿನಕ್ಕೆ 135 ಲೀಟರ್‌ನಂತೆ ಐದು ಜನರ ಮನೆ 675 ಲೀಟರ್ ನೀರು ಬಳಸುತ್ತದೆ. ಅದರಲ್ಲಿ ಶೇ 80ರಷ್ಟು, ಅಂದರೆ 540 ಲೀಟರ್, ಸೀವರ್‌ಗೆ ಹೋಗುತ್ತದೆ. ಗಂಟೆಗೆ ಸರಾಸರಿ 22 ಲೀಟರ್ ಚಿಲ್ಲರೆ. ಬೆಳಗಿನ ನೂಕುನುಗ್ಗಲಿಗೆಂದು ಮೂರು ಪಟ್ಟು ಹಿಡಿದರೂ 70 ದಾಟುವುದಿಲ್ಲ. ಅದೇ ಮನೆಯ 1,000 ಚದರ ಅಡಿ ತಾರಸಿಯ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ ಬೀಳುವ ನೀರು ಸುಮಾರು 4,600 ಲೀಟರ್. ತಾರಸಿಯ ಪೈಪನ್ನು ಸ್ಯಾನಿಟರಿ ಛೇಂಬರ್‌ಗೆ (ಮನೆಯ ಕೊಳಚೆ ಸೀವರ್ ಸೇರುವ ಮುಚ್ಚಳದ ಗುಂಡಿಗೆ) ತಿರುಗಿಸಿದ ನಾಲ್ಕಾರು ಮನೆಗಳಿದ್ದರೆ ಸಾಕು, ತಗ್ಗಿನಲ್ಲಿರುವ ಮನೆಯ ಕಕ್ಕಸಿನಲ್ಲಿ ನೀರು ಹಿಂದಕ್ಕೆ ಉಕ್ಕುತ್ತದೆ. ಜೊತೆಗೆ ಮರಳು, ಮಣ್ಣೂ ಒಳಬರುತ್ತವೆ. ಹರಿವು ಸೆಕೆಂಡಿಗೆ 0.6 ಮೀಟರ್‌ಗಿಂತ ನಿಧಾನವಾದರೆ ಅವು ತಳದಲ್ಲಿ ಕೂರುತ್ತವೆ, ಮಳೆ ನಿಂತ ಮೇಲೂ ಲೈನು ಕಟ್ಟಿಕೊಳ್ಳುತ್ತದೆ. ಇಂಥ ಕಡೆ ‘ಚರಂಡಿ ಹೂಳು ತೆಗೆದಿಲ್ಲ’ ಎಂದು ಪಾಲಿಕೆಯನ್ನು ದೂರಿ ಏನೂ ಪ್ರಯೋಜನವಿಲ್ಲ.

ತಿರುಗುಮುರುಗಾದದ್ದೂ ಉಂಟು. ಬೇಸಿಗೆಯಲ್ಲೂ ರಾಜಕಾಲುವೆಯಲ್ಲಿ ಕಪ್ಪು ನೀರು ಹರಿಯುತ್ತಿದ್ದರೆ ಎಲ್ಲೋ ಕೊಳಚೆ ಅದಕ್ಕೆ ಸೇರಿದೆ ಎಂದೇ ಅರ್ಥ. ಬೆಳ್ಳಂದೂರು ಕೆರೆಯ ನೊರೆಗೆ ಹೀಗೆ ಬಂದ ಕೊಳಚೆಯೂ ಕಾರಣ.

ವರದಿಗಾರರು ಸ್ಥಳದಲ್ಲಿ ಮೂರು ಸಂಗತಿ ನೋಡಿದರೆ ಸಾಕು. ನೀರು ಎದ್ದದ್ದು ರಸ್ತೆ ನಡುವಿನ ದುಂಡು ಮುಚ್ಚಳದಿಂದಲೋ (ಅದು ಸೀವರ್), ಅಂಚಿನ ಚಪ್ಪಡಿ ಸಂದಿಯಿಂದಲೋ (ಅದು ಡ್ರೇನ್)? ಮುಚ್ಚಳ ಮಳೆಯಲ್ಲಿ ಮಾತ್ರ ಉಕ್ಕುತ್ತದೋ, ಒಣ ದಿನವೂ ಉಕ್ಕುತ್ತದೋ? ಮಳೆಯಲ್ಲಿ ಮಾತ್ರವಾದರೆ ತಾರಸಿ ಪೈಪುಗಳ ಮೇಲೆ ಅನುಮಾನ. ಒಣ ದಿನವೂ ಆದರೆ ಬಟ್ಟೆ, ಪ್ಯಾಡು, ಜಿಡ್ಡು ಎಲ್ಲೋ ಸಿಕ್ಕಿಕೊಂಡಿದೆ, ರಭಸದ ನೀರು ಹಾಯಿಸಿ ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರ ಬರಬೇಕು. ಮೂರನೆಯದಾಗಿ, ಮನೆಯವರು ಒಪ್ಪಿದರೆ ತಾರಸಿಯ ಪೈಪಿಗೆ ಒಂದು ಬಕೆಟ್ ಬಣ್ಣದ ನೀರು ಹೊಯ್ದು, ಹೊರಗಿನ ಛೇಂಬರ್ ಮುಚ್ಚಳ ತೆಗೆದು ನೋಡಬಹುದು.

ಸುದ್ದಿಯಲ್ಲಿ ಒಂದಕ್ಕೆ ‘ಮಳೆನೀರು ಚರಂಡಿ’, ಇನ್ನೊಂದಕ್ಕೆ ‘ಒಳಚರಂಡಿ’ ಎಂದು ಬರೆದರೆ ಓದುಗರಿಗೂ ದಾರಿ ಸಿಗುತ್ತದೆ: ಮೊದಲನೆಯದಕ್ಕೆ ಪಾಲಿಕೆಯ 1533, ಎರಡನೆಯದಕ್ಕೆ ಜಲಮಂಡಳಿಯ 1916.

– ಒಬ್ಬ ನೈರ್ಮಲ್ಯ ಎಂಜಿನಿಯರ್, ಬೆಂಗಳೂರು